ಉತ್ತರ ಹೇಳಲು ಒಬ್ಬರು

ಮನೆ, ಅಡುಗೆಮನೆಯ ಮೇಜು
ಭಾನುವಾರ, ತಾರೀಖು ಹದಿನೇಳು

ಪ್ರೀತಿಯ ಪಿಟೀಲು,

ಹೇಗಿದ್ದೀಯ ಮಗಳೇ? ಅಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೋ ನನಗೆ ತಿಳಿಯದು. ಹುಟ್ಟಿದಾಗಿನಿಂದ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದೆ ಎಂದು ನಿನ್ನ ಅಪ್ಪ ಇಟ್ಟ ಹೆಸರನ್ನು ನಾನಂತೂ ಬಿಡುವವಳಲ್ಲ. ನಿಮ್ಮ ಮಂದಿರದ ಹಿರಿಯರು ಲಕೋಟೆ ಒಡೆದು ಓದುವುದಾದರೆ ಅವರೂ ಒಮ್ಮೆ ನಗಲಿ. ಕೆಮ್ಮು ನಿಂತಿತೇ? ನೆಲದ ಮೇಲೆ ಗಂಟೆಗಟ್ಟಲೆ ಕೂತು ಮಂಡಿ ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದೆ. ಮಕ್ಕಳಿಗೆ ಈಜು ಕಲಿಸಿಕೊಂಡು ದಿನವೆಲ್ಲ ನೀರಿನಲ್ಲಿದ್ದ ಕಾಲು, ಸುಮ್ಮನೆ ಮಡಚಿ ಕೂರು ಎಂದರೆ ಮುನಿಸಿಕೊಳ್ಳದೆ ಇರುತ್ತದೆಯೇ? ಬೆಚ್ಚಗಿನ ಎಣ್ಣೆ ಹಚ್ಚಿಕೋ. ಉಣ್ಣೆಯ ಕಾಲುಚೀಲ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ಬಣ್ಣದ ಬಟ್ಟೆ ಹಾಕುವ ಹಾಗಿಲ್ಲ ಎಂದಿದ್ದೆಯಲ್ಲ, ಬೂದಿ ಬಣ್ಣ ಬಣ್ಣದ ಲೆಕ್ಕಕ್ಕೇ ಬರುವುದಿಲ್ಲ ಎಂದು ಅಂಗಡಿಯವಳು ನನಗೆ ಧೈರ್ಯ ಹೇಳಿದಳು.

ಇಲ್ಲಿ ಎಲ್ಲ ಕ್ಷೇಮ. ನಿನ್ನ ಅಜ್ಜಿಯ ಕಣ್ಣಿನ ಆಪರೇಷನ್ ಮುಗಿದು ಪಟ್ಟಿ ಬಿಚ್ಚಿದರು. ಈಗ ಮೂಲೆ ಮೂಲೆಯ ಧೂಳೂ ಕಾಣಿಸುತ್ತಿದೆ, ನನಗೆ ಉಳಿಗಾಲವಿಲ್ಲ. ಮೊನ್ನೆ ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, "ಅಯ್ಯೋ, ಇಷ್ಟು ವಯಸ್ಸಾಗೋಯ್ತೇನೇ ನಿಂಗೆ?" ಎಂದರು. ಸೊಸೆಯ ಮುಖ ನೋಡಿ ಅತ್ತೆ ಅಯ್ಯೋ ಅನ್ನುವುದೆಂದರೆ ನೀನೇ ಯೋಚಿಸು. ನೀನು ಮೌನ ಹುಡುಕಿಕೊಂಡು ಬೆಟ್ಟ ಹತ್ತಿದ್ದು ಅವರಿಗೆ ಇನ್ನೂ ಅರಗಿಲ್ಲ. "ಮೌನ ಬೇಕಾಗಿದ್ರೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು, ನಿಮ್ಮಮ್ಮನ ಪಕ್ಕ ಕೂತಿದ್ರೆ ಸಾಕಿತ್ತು ಅಂತ ಬರಿ" ಎಂದಿದ್ದಾರೆ. ಬರೆದಿದ್ದೇನೆ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬರುವ ತಿಂಗಳ ಕೊನೆಗೆ ನೀನು ಅಲ್ಲಿಗೆ ಕಾಯಂ ಆಗಿ ಸೇರುವ ದಿನ, ಅವತ್ತು ಮನೆಯವರೊಬ್ಬರು ಬಂದು ಎಲ್ಲರ ಎದುರು ನಿಂತು "ನನ್ನ ಒಪ್ಪಿಗೆ ಇದೆ" ಎಂದು ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡ ಮೇಲೆ ನೀನು ಮತ್ತೆ ಮನೆಗೆ ಬರುವ ಹಾಗಿಲ್ಲ. ಇಷ್ಟು ಬರೆದು ಕೊನೆಗೆ, "ನೀನು ಹೇಗೂ ಒಪ್ಪಿದ್ದೀಯಲ್ಲ ಅಮ್ಮಾ, ಬಂದು ಅಷ್ಟು ಹೇಳಿ ಹೋಗು" ಎಂದಿದ್ದೀಯ. ಹೌದು, ನೋಡುವವರಿಗೆ ಒಪ್ಪಿದ ಹಾಗೇ ಇತ್ತು. ಇದೇ ಮೇಜಿನ ಹತ್ತಿರ ನೀನು ಹೋಗುತ್ತೇನೆ ಎಂದಾಗ ನಾನು ಕುರ್ಚಿಯನ್ನು ಸ್ವಲ್ಪ ಓರೆಗೆ ಎಳೆದುಕೊಂಡು, "ಈ ನಿರ್ಧಾರದಿಂದ ನಿನಗೇನು ಸಿಗಬಹುದು ಅನ್ಸುತ್ತೆ?" ಎಂದು ಕೇಳಿದ್ದೆ. "ಅಮ್ಮಾ, ನಾನು ನಿನ್ನ ಹತ್ರ ಅಪಾಯಿಂಟ್‌ಮೆಂಟ್ ತಗೊಂಡು ಬಂದಿಲ್ಲ" ಎಂದೆ ನೀನು. ಆಮೇಲೆ ಬ್ಯಾಗು ತುಂಬಿಕೊಂಡೆ. ನಾನು ಜಿಪ್ಪು ಹಾಕಲು ಬ್ಯಾಗಿನ ಮೇಲೆ ಕೂತು ಸಹಾಯ ಮಾಡಿದೆ.

ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಕೋಪದಿಂದಲ್ಲ. ಕೋಪ ಬಂದಿದ್ದರೆ ಚೆನ್ನಾಗಿತ್ತು. ನಿನ್ನ ಅಪ್ಪ ಹೋದ ಮೇಲೆ ನನಗೆ ಏನೂ ಅನ್ನಿಸುತ್ತಿಲ್ಲ, ಅದನ್ನು ಬೇರೆ ಹೇಗೆ ಬರೆಯುವುದೋ ಗೊತ್ತಿಲ್ಲ. ಊಟಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಅಜ್ಜಿ ಹೇಳಿದ ಮೇಲೆ ಹೌದೆನ್ನುತ್ತೇನೆ. ಸಂಜೆ ನಿನ್ನ ಅಪ್ಪನ ಮಾತ್ರೆಯ ಅಲಾರಂ ಅವರ ಫೋನಿನಲ್ಲಿ ಇನ್ನೂ ಹೊಡೆಯುತ್ತದೆ. ಎದ್ದು ಹೋಗಿ ನಿಲ್ಲಿಸಿ ಬಂದು ಬಿಟ್ಟ ಕೆಲಸ ಮುಂದುವರಿಸುತ್ತೇನೆ. "ಅದನ್ನ ಪೂರ್ತಿ ತೆಗೆದುಹಾಕಬಾರದಾ?" ಎಂದು ಅಜ್ಜಿ ಕೇಳಿದರೆ ತೆಗೆಯೋಣ ಎನ್ನುತ್ತೇನೆ, ಮರುದಿನ ಮತ್ತೆ ಹೊಡೆಯುತ್ತದೆ. ಅಜ್ಜಿ ತಮ್ಮ ಮಗನಿಗಾಗಿ ಬಾಯಿ ಬಿಟ್ಟು ಅತ್ತರು, ದೇವರನ್ನು ಬೈದರು, ಆಮೇಲೆ ಅದೇ ದೇವರ ಮುಂದೆ ಕೂತು ರಾಜಿ ಮಾಡಿಕೊಂಡರು. ನೀನು ಬೆಟ್ಟ ಹತ್ತಿದೆ. ನಾನು ಆಸ್ಪತ್ರೆಗೆ ಕೆಲಸಕ್ಕೆ ಹೋದೆ. ಎಲ್ಲರೂ ಎಷ್ಟು ಗಟ್ಟಿಗಿತ್ತಿ ಎಂದು ಹೊಗಳಿದರು, ನಾನೂ ಇರಬಹುದು ಎಂದುಕೊಂಡೆ.

ಈಗ ಕೆಲಸದ ವಿಷಯ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳದೆ ಓದು, ಇದನ್ನು ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳುವಂತಿಲ್ಲ. ನಮ್ಮ ಆಪ್ತಸಲಹೆಯ ಕೋಣೆ ನಿನಗೆ ಗೊತ್ತಲ್ಲ, ಎಕ್ಸ್‌ರೇ ವಿಭಾಗದ ಪಕ್ಕ, ಓರೆಯಾಗಿಟ್ಟ ಎರಡು ಕುರ್ಚಿ, ಬಂದವರ ಬೆನ್ನ ಹಿಂದೆ ನನಗೆ ಮಾತ್ರ ಕಾಣುವ ಗಡಿಯಾರ, ಕೈಗೆಟುಕುವಲ್ಲಿ ಟಿಶ್ಯೂ ಡಬ್ಬಿ. ಟಿಶ್ಯೂ ನಾವಾಗಿ ತೆಗೆದು ಕೊಡಬಾರದು, ಕೊಟ್ಟರೆ ಅತ್ತಿದ್ದು ಸಾಕು ಎಂದ ಹಾಗಾಗುತ್ತದೆ ಎಂದು ನಾನು ಹೇಳಿದಾಗ ನಿನ್ನ ಅಪ್ಪ, "ಹಾಗಾದ್ರೆ ಡಬ್ಬಿ ಯಾಕಿಡ್ತೀರಿ, ಶೋಕಿಗಾ?" ಎಂದಿದ್ದರು. ಈ ಕೋಣೆಗೆ ಈ ವರ್ಷ ಒಂದು ಹೊಸ ಪದ್ಧತಿ ಬಂತು. ಮೊದಲ ಸಲ ಬಂದವರನ್ನು ನಿದ್ದೆ, ಹಸಿವು, ಮನೆಯ ಪರಿಸ್ಥಿತಿ ಕೇಳುತ್ತೇವಲ್ಲ, ಅದರ ಜೊತೆಗೆ ಅವರ ನಂಬಿಕೆಯನ್ನೂ ಕೇಳಬೇಕು. ಕಷ್ಟ ಬಂದಾಗ ಯಾರನ್ನು ನೆನೆಯುತ್ತೀರಿ, ಆ ನೆನಪು ನಿಮ್ಮನ್ನು ಎತ್ತುತ್ತದೆಯೋ ಇನ್ನಷ್ಟು ತುಳಿಯುತ್ತದೆಯೋ ಎಂದು. ನಮ್ಮ ವಿಭಾಗದ ಹಿರಿಯಕ್ಕ, ನನಗೆ ಕೆಲಸ ಕಲಿಸಿದವರು, ತಮ್ಮ ಎಂದಿನ ಧಾಟಿಯಲ್ಲಿ ಹೇಳಿದರು: "ಇಷ್ಟು ವರ್ಷ ಏನ್ ಮಾಡಿದ್ವಿ? ಬಂದವರ ದೇವರನ್ನ ಛತ್ರಿ ಜೊತೆ ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಕರ್ಕೊಂಡ್ವಿ. ಅರ್ಧ ಮನುಷ್ಯನ ಹತ್ರ ಮಾತಾಡಿ ಕಳಿಸಿದ್ವಿ." ಅವರು ಹಾಕಿದ ಕಟ್ಟುಪಾಡೂ ಸರಳ. ನಿನ್ನದನ್ನು ಅವರ ಮೇಲೆ ಹೇರಬೇಡ. ಅವರದನ್ನು ಅಲ್ಲಗಳೆಯಬೇಡ. ನಿನ್ನ ಕೈಮೀರಿದ್ದಾದರೆ ಅವರ ಗುರುಹಿರಿಯರ ಹತ್ತಿರ ಕಳಿಸು, ನೀನೇ ಗುರುವಾಗಲು ಹೋಗಬೇಡ.

ನನಗೆ ಹೇರಲು ಏನೂ ಇರಲಿಲ್ಲ, ನಿನಗೆ ಗೊತ್ತು. ನಮ್ಮ ಮನೆಯಲ್ಲಿ ನಂಬಿಕೆಯ ಖಾತೆ ಪೂರ್ತಿ ಅಜ್ಜಿಯದು. ಆದ್ದರಿಂದ ಈ ಹೊಸ ಪ್ರಶ್ನೆ ಕೇಳುವುದು ನನಗೆ ನೀರು ಕುಡಿದಷ್ಟು ಸುಲಭವಾಯಿತು. ಯಾರ ದೇವರಾದರೂ ಬರಲಿ, ತಲೆದೂಗಿ ಕೇಳಿಸಿಕೊಳ್ಳುತ್ತಿದ್ದೆ. ಹಿರಿಯಕ್ಕ ಮೀಟಿಂಗಿನಲ್ಲಿ, "ಇವಳಷ್ಟು ಪಕ್ಷಪಾತ ಇಲ್ಲದೆ ಕೇಳೋರು ಇನ್ನೊಬ್ಬರಿಲ್ಲ" ಎಂದರು. ಪಕ್ಷವೇ ಇಲ್ಲದವಳಿಗೆ ಪಾತ ಎಲ್ಲಿಂದ ಬರಬೇಕು.

ಹೀಗಿರುವಾಗ ಲಿಫ್ಟಿನವರು ಬಂದರು. ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವರು, ಆದರೆ ನಮ್ಮ ಆಸ್ಪತ್ರೆಯ ಲಿಫ್ಟು ಹತ್ತುವುದಿಲ್ಲ, ಮೆಟ್ಟಿಲೇರಿ ಬಂದು ಏದುಸಿರು ಬಿಡುತ್ತಾ ಕೂರುತ್ತಾರೆ. ಕೇಳಿದರೆ, "ಅದರ ಸದ್ದು ಕೇಳಿದ್ರೆ ರಿಪೇರಿ ಮಾಡ್ಬೇಕು ಅನ್ಸುತ್ತೆ ಮೇಡಂ, ಇಲ್ಲಿಗೆ ಬರೋದೇ ಮರೆತುಹೋಗುತ್ತೆ" ಎಂದರು. ಮಕ್ಕಳಿಲ್ಲ. ಹೆಂಡತಿ ತೀರಿಕೊಂಡು ನಿನ್ನ ಅಪ್ಪ ಹೋದಷ್ಟೇ ಸಮಯವಾಗಿದೆ, ಅದನ್ನು ನಾನು ಅವರಿಗೆ ಹೇಳಲಿಲ್ಲ. ಇದನ್ನು ನಿನಗೆ ಬರೆಯುತ್ತೇನೆ ಎಂದು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಮಾತೇ ಆಡದ ಜಾಗದಲ್ಲಿರೋ ಹುಡುಗಿಗೆ ತಾನೇ? ಬರೀರಿ" ಎಂದರು. ಅವರ ತೊಂದರೆ ವಿಚಿತ್ರ. ಅವರ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಇಬ್ಬರು ಬೇಕು. ಒಬ್ಬರು ಒಂದೊಂದು ಸಾಲು ಹೇಳುವುದು, ಇನ್ನೊಬ್ಬರು ಪ್ರತಿ ಸಾಲಿಗೂ "ಹಾಗೇ ಆಗಲಿ" ಎಂದು ಉತ್ತರ ಕೊಡುವುದು. ಉತ್ತರ ಬಂದ ಮೇಲೆಯೇ ಮುಂದಿನ ಸಾಲು. ಮದುವೆಯಾದಾಗಿನಿಂದ ಇವರು ಹೇಳಿದ್ದು, ಅವರು ಉತ್ತರಿಸಿದ್ದು. ಈಗ ಇವರು ಮೊದಲ ಸಾಲು ಹೇಳಿ ಕಾಯುತ್ತಾರೆ. ಉತ್ತರ ಬರುವುದಿಲ್ಲ. ಅಲ್ಲಿಗೇ ನಿಂತುಬಿಡುತ್ತದೆ. ಪ್ರಾರ್ಥನೆ ನಿಂತ ಮೇಲೆ ನಿದ್ದೆ ನಿಂತಿತು, ಊಟ ನಿಂತಿತು. ಅವರ ಪ್ರಾರ್ಥನಾ ಸಭೆಯ ಗುರುಗಳು ನಂಬಿಕೆ ಸಡಿಲವಾಗಿದೆ, ಇನ್ನೂ ಹೆಚ್ಚು ಪ್ರಾರ್ಥಿಸಿ ಎಂದು ಹೇಳಿ ಕಳಿಸಿದರಂತೆ. "ಮೊದಲನೇ ಮಹಡೀಲೇ ನಿಂತಿರೋ ಲಿಫ್ಟಿಗೆ ಇನ್ನೂ ಜಾಸ್ತಿ ಬಟನ್ ಒತ್ತು ಅಂದಂಗಾಯ್ತು" ಎಂದರು ಲಿಫ್ಟಿನವರು.

ಸಭೆಯವರೊಬ್ಬರು ಮನೆಗೆ ಬಂದು ಉತ್ತರ ಹೇಳಬಹುದಲ್ಲ ಎಂದು ಕೇಳಿದೆ. ಅವರು ಹೇಳಿದರೆ ಅದು ಸಭೆಯೇ ಆಗುತ್ತದೆ, ಮನೆ ಆಗುವುದಿಲ್ಲ ಎಂದರು. ತಮ್ಮ ಬೆರಳಿನ ಗ್ರೀಸು ಉಜ್ಜಿಕೊಳ್ಳುತ್ತಾ, "ನೀವು ಹೇಳ್ತೀರಾ ಮೇಡಂ? ಒಂದು ಸಲ ಕೊನೇ ತನಕ ಹೋಗಿ ಮುಟ್ಟಿದ್ರೆ ಸಾಕು" ಎಂದರು. ನಾನು ತಕ್ಷಣ ಒಪ್ಪಲಿಲ್ಲ. ನಾನು ನಂಬುವವಳಲ್ಲ ಎಂದು ಮೊದಲು ಹೇಳಿದೆ, ಅದನ್ನು ಬಚ್ಚಿಟ್ಟು ಬಾಯಿ ಆಡಿಸಿದರೆ ಮೋಸವಾಗುತ್ತದೆ. ಅವರು, "ನಂಬಿಕೆ ನನ್ನ ಕಡೆಯಿಂದ ಇರುತ್ತೆ, ನೀವು ಮಾತು ಕೊಡಿ ಸಾಕು" ಎಂದರು. ಹಿರಿಯಕ್ಕನ ಹತ್ತಿರ ಹೋದೆ. ಅವರು ಬಹಳ ಯೋಚಿಸಿ, ಅದು ಅವರ ಪ್ರಾರ್ಥನೆ, ನೀನು ಜೊತೆಗೆ ಕೂತಿರುವವಳು ಅಷ್ಟೇ, ಕೂರಬಹುದು, ಆದರೆ ಪ್ರತಿ ಸಾಲನ್ನೂ ಕಿವಿಕೊಟ್ಟು ಕೇಳು ಎಂದರು. ಕೇಳುವುದೇ ನನ್ನ ಕೆಲಸ ಎಂದು ನಾನು ನಕ್ಕೆ.

ಮುಂದಿನ ಸಲ ಅವರು ಕೈತೊಳೆದುಕೊಂಡು ಬಂದಿದ್ದರು. ಉಗುರಿನ ಸಂದಿಯ ಗ್ರೀಸನ್ನೂ ತೆಗೆದಿದ್ದರು. ಕಣ್ಣು ಮುಚ್ಚಿ ಶುರು ಮಾಡಿದರು. ಮನೆಯ ಬೆಳಕು ಆರದಿರಲಿ. ಹಾಗೇ ಆಗಲಿ ಎಂದೆ. ಅವರು ಕಣ್ಣು ತೆರೆಯದೆ ಮುಂದಿನ ಸಾಲಿಗೆ ಹೋದರು. ಕೈಗೆ ಕೆಲಸ ಇರಲಿ. ಹಾಗೇ ಆಗಲಿ. ಆಗದವರ ಮನೆಯಲ್ಲೂ ನಗು ಇರಲಿ. ಹಾಗೇ ಆಗಲಿ. ಹೀಗೇ ಸಾಗಿತು, ಪಕ್ಕದಲ್ಲಿ ಎಕ್ಸ್‌ರೇಗೆ ಹೆಸರು ಕೂಗುವುದು ಕೇಳಿಸುತ್ತಿತ್ತು, ಗಡಿಯಾರ ನೋಡಿದೆ, ಸಮಯ ಇನ್ನೂ ಇತ್ತು. ಅವರು ಅದೇ ದನಿಯಲ್ಲಿ, ಅದೇ ಲಯದಲ್ಲಿ, "ಇನ್ನು ಸಾಕು, ನನ್ನನ್ನೂ ಬೇಗ ಅವಳ ಹತ್ತಿರ ಕರೆದುಕೋ" ಎಂದರು. ನಾನು ಹಾಗೇ ಆಗಲಿ ಎಂದೆ.

ಆಗ ನನ್ನ ತಲೆಯಲ್ಲಿ ಏನಿತ್ತು ಎಂದು ನೀನು ಕೇಳಬಹುದು. ಏನೂ ಇರಲಿಲ್ಲ. ನಿನ್ನ ಚಿಂತೆ, ಅಪ್ಪನ ನೆನಪು, ಯಾವುದೂ ಇರಲಿಲ್ಲ, ಇದ್ದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು. "ಅದು ಪ್ರಾರ್ಥನೇಲಿ ಇಲ್ಲ ಮೇಡಂ, ನಾನೇ ಸೇರಿಸಿದ್ದು. ಅದಕ್ಕೆ ನೀವು ಬೇಡ ಅನ್ನಬೇಕಿತ್ತು" ಎಂದರು. ನಿಮ್ಮ ಮನೆಯವರಾಗಿದ್ದರೆ ಏನೆನ್ನುತ್ತಿದ್ದರು ಎಂದೆ. "ತಲೆ ಮೇಲೆ ಮೊಟಕ್ತಿದ್ಲು" ಎಂದರು. ಮೊದಲು ಕ್ಷಮೆ ಕೇಳಿದೆ. ಆಮೇಲೆ ಸುತ್ತಿ ಬಳಸದೆ, ಸಾಯಬೇಕು ಎಂದು ಅನ್ನಿಸುತ್ತದೆಯೇ ಎಂದು ಕೇಳಿದೆ. ಲಿಫ್ಟಿನ ಬಾವಿಯ ಅಂಚಿನಲ್ಲಿ ನಿಂತಾಗ ಒಮ್ಮೊಮ್ಮೆ ಅನ್ನಿಸುತ್ತದೆ ಎಂದರು. ಅವರ ಎದುರಿಗೇ ಅವರ ತಮ್ಮನಿಗೆ ಫೋನು ಹೋಯಿತು. ಆ ರಾತ್ರಿಯಿಂದ ಅವರ ಮನೆಯಲ್ಲೇ ಮಲಗಲು ತಮ್ಮ ಒಪ್ಪಿದ. ಕೆಲವು ದಿನ ಒಬ್ಬರೇ ಕೆಲಸಕ್ಕೆ ಹೋಗುವುದಿಲ್ಲ, ಮೆಷಿನ್ ರೂಮಿನ ಬೀಗದ ಕೈ ಜೊತೆಗಾರನ ಹತ್ತಿರ ಇರುತ್ತದೆ ಎಂದಾಯಿತು. ಆಸ್ಪತ್ರೆಯ ವೈದ್ಯರನ್ನು ಅಂದೇ ನೋಡಿದರು. ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದೆ. ಹೋಗುವಾಗ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಿರಿಯಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಟೀ ತರಿಸಿ ನನ್ನ ಮುಂದಿಟ್ಟು, "ನೀನು ಉತ್ತರ ಹೇಳಿದ್ದು ತಪ್ಪಲ್ಲ. ಕೇಳಿಸ್ಕೊಳ್ಳದೆ ಹೇಳಿದ್ದು ತಪ್ಪು" ಎಂದರು. ಎಷ್ಟು ದಿನದಿಂದ ಹೀಗೆ ಎಲ್ಲದಕ್ಕೂ ಹೂಂ ಎನ್ನುತ್ತಿದ್ದೀಯ ಎಂದು ಕೇಳಿದರು. ನನಗೆ ನೆನಪಿಲ್ಲ ಎಂದೆ. ಆಮೇಲೆ ಅವರು ಬಂದವರನ್ನೆಲ್ಲ ಕೇಳುವ ಆ ಪ್ರಶ್ನೆಯನ್ನು ನನಗೇ ಕೇಳಿದರು, ಕಷ್ಟ ಬಂದಾಗ ನೀನು ಯಾರನ್ನು ನೆನೆಯುತ್ತೀ ಎಂದು. ಅಷ್ಟು ಜನರನ್ನು ಕೇಳಿದ್ದೇನೆ, ನನ್ನ ಸರದಿ ಬಂದಾಗ ಟೀ ಆರಿಹೋಯಿತು. ಹೊಸಬರನ್ನು ಸ್ವಲ್ಪ ದಿನ ತೆಗೆದುಕೊಳ್ಳಬೇಡ, ನೀನೂ ಯಾರ ಹತ್ತಿರವಾದರೂ ಹೋಗಿ ಕೂತುಕೋ ಎಂದು ಅವರಿಗೆ ಗೊತ್ತಿರುವ ಒಬ್ಬರ ವಿಳಾಸ ಕೊಟ್ಟಿದ್ದಾರೆ. ಹೋಗುತ್ತಿದ್ದೇನೆ. ಅಲ್ಲಿಯೂ ಕುರ್ಚಿಗಳು ಓರೆಯಾಗಿಯೇ ಇವೆ, ಗಡಿಯಾರ ನನ್ನ ಬೆನ್ನ ಹಿಂದೆ ಇದೆ.

ಲಿಫ್ಟಿನವರು ಇನ್ನು ನನ್ನ ಹತ್ತಿರ ಬರುವುದಿಲ್ಲ ಎಂದುಕೊಂಡಿದ್ದೆ. ವೈದ್ಯರ ಹತ್ತಿರ ಬಂದು ಹೋಗುತ್ತಿದ್ದರು, ನನ್ನ ಬಾಗಿಲು ದಾಟಿಯೇ ಹೋಗುತ್ತಿದ್ದರು. ಈ ಗುರುವಾರ ಒಳಗೆ ಬಂದು ಕೂತರು. ಬಂದವರೇ ಜಗಳ ತೆಗೆದರು. ಅವತ್ತು ಮನೆಗೆ ಹೋಗುವವರೆಗೂ ನನ್ನನ್ನು ಬೈದುಕೊಂಡೇ ಹೋದರಂತೆ. "ಎಂಥಾ ಹೆಂಗಸು ಇವಳು, ಸಾಯ್ತೀನಿ ಅಂದ್ರೆ ಸಾಯಿ ಅಂತಾಳೆ ಅಂತ ಸಿಟ್ಟು ಬಂತು ಮೇಡಂ. ಆ ಸಿಟ್ಟಲ್ಲೇ ಅನ್ನ ಕಲಸಿಕೊಂಡು ತಿಂದೆ. ತಿಂದ ಮೇಲೆ ಗೊತ್ತಾಯ್ತು, ನಂಗೆ ಸಾಯೋದು ಬೇಕಿರ್ಲಿಲ್ಲ, ಯಾರಾದ್ರೂ ಬೇಡ ಅನ್ನೋದು ಬೇಕಿತ್ತು" ಎಂದರು. ಇದನ್ನು ನನ್ನ ಸಾಮರ್ಥ್ಯ ಎಂದುಕೊಳ್ಳಬೇಡ. ಅವರಿಗೆ ಸಿಟ್ಟು ಬಾರದೆ ಹೋಗಿದ್ದರೆ ಎಂದು ನೆನೆದರೆ ಎದೆ ಧಸಕ್ಕೆನ್ನಬೇಕು. ಸ್ವಲ್ಪ ಅನ್ನುತ್ತದೆ ಈಗ. ಈಗ ಸಂಜೆ ಅವರ ತಮ್ಮನೇ ಉತ್ತರ ಹೇಳುತ್ತಾನಂತೆ, ತೂಕಡಿಸುತ್ತಾ ಸಾಲು ಮುಗಿಯುವ ಮೊದಲೇ ಹಾಗೇ ಆಗಲಿ ಎಂದುಬಿಡುತ್ತಾನಂತೆ. "ದೇವರಿಗೂ ಗಡಿಬಿಡಿ ಆಗ್ತಿರಬೇಕು" ಎಂದು ನಕ್ಕರು. ಹೋಗುವ ಮುಂಚೆ ಒಮ್ಮೆ ಸರಿಯಾಗಿ ಮುಗಿಸೋಣ ಎಂದು ಕಣ್ಣು ಮುಚ್ಚಿದರು. ಈ ಸಲ ನಾನು ಒಂದೊಂದು ಸಾಲಿಗೂ ನಿಂತು ಕೇಳಿದೆ. ಆ ಜಾಗ ಬಂದಾಗ ಅವರು ಒಂದು ಕಣ್ಣು ಮಾತ್ರ ತೆರೆದು, ಇವಳು ಏನು ಮಾಡುತ್ತಾಳೋ ನೋಡೋಣ ಎಂದು ನನ್ನ ಮುಖ ನೋಡಿದರು. ಏನೂ ಸೇರಿಸದೆ ಮುಂದಿನ ಸಾಲಿಗೆ ಹೋದರು. ಹೋದವರಿಗೆ ನೆರಳು ಸಿಗಲಿ ಎಂಬುದು ಕೊನೆಯ ಸಾಲು. ಅದಕ್ಕೆ ಉತ್ತರ ಹೇಳುವಾಗ ನನ್ನ ಗಂಟಲು ನೋಯಿತು. ಶೀತವಾಗಿರಬೇಕು ಎಂದುಕೊಂಡು ಮನೆಗೆ ಬಂದು ಬಿಸಿನೀರು ಕುಡಿದೆ, ಹೋಗಲಿಲ್ಲ, ಇವತ್ತಿಗೂ ಇದೆ.

ನಾನು ನಂಬುವವಳಾದೆ ಎಂದು ನೀನು ಖುಷಿಪಡಬೇಡ, ಆಗಿಲ್ಲ. ನಿನ್ನ ನಂಬಿಕೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಬಂದವರ ದೇವರಿಗೆಲ್ಲ ಕುರ್ಚಿ ಕೊಡುವವಳು ಮಗಳ ದೇವರನ್ನು ಬಾಗಿಲಲ್ಲಿ ನಿಲ್ಲಿಸುತ್ತೇನೆಯೇ? ಅಪ್ಪ ಹೋದ ಮೇಲೆ ಈ ಮನೆಯಲ್ಲಿ ನೀನು ಎಷ್ಟೋ ಸಲ ಏನೇನೋ ಹೇಳಿದೆ, ನಾನು ಎಲ್ಲದಕ್ಕೂ ತಲೆದೂಗಿದೆ. ಅಲ್ಲಿಯ ಮೌನದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನೀನು ಬರೆದ ಮಾತನ್ನು ಈ ವಾರ ಮತ್ತೆ ಓದಿದೆ. ಮೊದಲ ಸಲ ಓದಿದಾಗ ಚೆನ್ನಾಗಿ ಬರೆದಿದ್ದಾಳೆ ಎಂದಷ್ಟೇ ಅನ್ನಿಸಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಳಿಗೆ ತಲೆಗೆ ಏನಾದರೂ ಸುತ್ತಿಕೋ. ಅಜ್ಜಿ ಎರಡೂ ಕಣ್ಣು ತುಂಬ ನಿನ್ನನ್ನು ಹರಸಿದ್ದಾರೆ, ಅವರ ಹೊಸ ಕಣ್ಣಿನಿಂದ ನಿನ್ನನ್ನಿನ್ನೂ ನೋಡಿಲ್ಲ ಎಂದೂ ಸೇರಿಸಲು ಹೇಳಿದರು. ಅಲ್ಲಿಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೈಗೂ ಮನಸ್ಸಿಗೂ ಒಳ್ಳೆಯದಾಗಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಕಿತ್ತು ಬರೆಯುತ್ತಿದ್ದೇನೆ. ಕೆಳಗಿನ ಮನೆಯವರು ಅಂಚೆ ಪೆಟ್ಟಿಗೆಯ ಕಡೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ. ನನಗೆ ಒಪ್ಪಿಗೆ ಇಲ್ಲ, ಪಿಟೀಲು. ಅಲ್ಲಿ ಸೇರಬೇಡ. ಮನೆಗೆ ಬಾ. ಕಾರಣ ಕೇಳಿದರೆ ಒಂದೂ ಇಲ್ಲ, ಕಾರಣಗಳೆಲ್ಲ ನಿನ್ನ ಕಡೆಗೇ ಇವೆ. ನನಗೆ ನೀನು ಇಲ್ಲಿ ಬೇಕು, ಅಷ್ಟೇ. ನೀನು ಬ್ಯಾಗು ತುಂಬುವಾಗಲೂ ಬೇಕಾಗಿತ್ತು. ಇಷ್ಟನ್ನು ಓದಿದ ಮೇಲೂ ಅದೇ ನಿನ್ನ ಜಾಗ ಎನ್ನಿಸಿದರೆ ಬರೆ, ಬರುತ್ತೇನೆ, ಎಲ್ಲರ ಎದುರು ನಿಂತು ಒಪ್ಪಿಗೆ ಇದೆ ಎಂದು ಗಟ್ಟಿಯಾಗಿ ಹೇಳುತ್ತೇನೆ. ಬೇಡ ಎಂದು ಅಳುತ್ತಾ ಇದನ್ನು ಬರೆದವಳು ಕೊಡುತ್ತಿರುವ ಒಪ್ಪಿಗೆ ಅದು ಎಂದು ನಿನಗೊಬ್ಬಳಿಗೆ ಗೊತ್ತಿರಲಿ.